ಬೀಗರ ವಿಮಾನದ ಪೆಟ್ಟಿಗೆಗೆ ನಾನು ಬಣ್ಣ ಹಚ್ಚಿದ್ದು

ಅರಗಿನ ಬಣ್ಣದ ವಿಷಯದಲ್ಲಿ ಚನ್ನಪಟ್ಟಣದಲ್ಲಿ ನನಗೆ ಸರಿಸಾಟಿ ಇಲ್ಲ! ಇದು ನನ್ನ ಅಭಿಪ್ರಾಯ. ಬೇರೆಯವರನ್ನು ಕೇಳಿಲ್ಲ.

ಹೀಗಾಗಿ, ಮಗಳು ಮಂಜುಳಾಳ ನಿಶ್ಚಿತಾರ್ಥಕ್ಕೆ ಮುಂಚೆ ಮಾಗಡಿಯ ಬೀಗರು ರುದ್ರಪ್ಪನವರು ಖುದ್ದಾಗಿ ಎರಡು ಪೆಟ್ಟಿಗೆ ಹೊತ್ತು ಬಂದಾಗ ನಾನು ಹಿಗ್ಗಿ ಹೀರೇಕಾಯಿ ಆದೆ. ಮಹಾಯುದ್ಧದ ಕಾಲದ ರೇಡಿಯೋ ಸಲಕರಣೆ! ಮೋಡ ಕವಿದು ಪೈಲಟ್‌ಗೆ ನೆಲವೇ ಕಾಣದಿದ್ದಾಗ, ಸೈನಿಕರು ಇದನ್ನು ಬೇಕಾದ ಕಡೆ ಹೊತ್ತೊಯ್ದು ಇಡುತ್ತಿದ್ದರಂತೆ. ನೆಲದ ಮೇಲಿನ ದೊಡ್ಡ ಪೆಟ್ಟಿಗೆ ಸಂಕೇತ ಕಳಿಸಿದರೆ ವಿಮಾನದೊಳಗಿನ ಸಣ್ಣ ಪೆಟ್ಟಿಗೆಯಲ್ಲಿ ದೀಪ ಹತ್ತುತ್ತದೆ. ರನ್‌ವೇ ಹತ್ತಿರವಾಯಿತು, ಇಳಿಯಪ್ಪಾ ಎಂದರ್ಥ. ಬೀಗರ ತಂದೆ ಅದನ್ನು ಗುಜರಿಯಲ್ಲಿ ಕೊಂಡು ರಿಪೇರಿ ಮಾಡಿದ್ದರು.

"ಈ ದೀಪ ಹತ್ತುದ್ ಮೇಲೇ ನಮ್ಮನೇಲಿ ತಾಂಬೂಲ ಬದ್ಲಾಯ್ಸೋದು. ನಮ್ಮಪ್ಪ ಹಾಕ್ಕೊಟ್ಟ ಪದ್ಧತಿ. ದೊಡ್ಡ ಪೆಟ್ಗೆ ಹಿಡಿ ಮುರ್ದೋಗೈತೆ. ಒಂದು ಮರದ ಹಿಡಿ ಮಾಡ್ಕೊಡಿ ಬೀಗ್ರೇ. ಇನ್ನೇನೂ ಬ್ಯಾಡ" ಎಂದರು.

ಹಾಲೆಮರದಲ್ಲಿ ಹಿಡಿ ಕಡೆದೆ. ಕೆಂಪು ಅರಗು ಹಚ್ಚಿ, ಕೇದಗೆ ಎಲೆಯಲ್ಲಿ ಉಜ್ಜಿದೆ. ಫಳಫಳ! ಆದರೆ ಆ ಹಿಡಿಯ ಕೆಳಗೆ ಮಾಸಿದ ಹಸಿರು ಪೆಟ್ಟಿಗೆ ಸೂತಕದ ಮನೆಯ ಹಾಗೆ ಕಂಡಿತು. ಶುಭಕಾರ್ಯಕ್ಕೆ ಇದೇ?

ಹೆಂಡತಿ ಸಾವಿತ್ರಿ ಇಣುಕಿದಳು. "ರೀ, ಹಿಡಿ ಆಯ್ತಲ್ಲ. ಸುಮ್ಕೆ ಎತ್ತಿಡಿ."

"ಕಲೆ ಅಂದ್ರೆ ನಿಂಗೇನ್ ಗೊತ್ತೇ?"

ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬ್ರಷ್ ಹಿಡಿದೆ. ಪೆಟ್ಟಿಗೆಗೆ ಹಳದಿ, ತಿರುಗುಗುಂಡಿಗಳಿಗೆ ಕೆಂಪು, ಆಂಟೆನಾಗೆ ಮೂರು ಬಣ್ಣದ ಪಟ್ಟೆ! ಸಣ್ಣ ಪೆಟ್ಟಿಗೆಗೆ ಅನ್ಯಾಯವಾಗಬಾರದಲ್ಲ? ಅದಕ್ಕೂ ಮೂರು ಕೋಟ್ ಬಳಿದೆ.

ನಿಶ್ಚಿತಾರ್ಥದ ದಿನ ನಾನು ಪೆಟ್ಟಿಗೆಗಳ ಮೇಲೆ ಮುಚ್ಚಿದ್ದ ಬಟ್ಟೆ ಸರಿಸಿದೊಡನೆ ಬೀಗರು ಎರಡು ಹೆಜ್ಜೆ ಹಿಂದೆ ಸರಿದರು. ಮೆಚ್ಚುಗೆ ಎಂದುಕೊಂಡೆ!

ದೊಡ್ಡ ಪೆಟ್ಟಿಗೆಯನ್ನು ಅಂಗಳದಲ್ಲಿಟ್ಟು ಗುಂಡಿ ತಿರುಗಿಸಹೋದರು. ತಿರುಗಲಿಲ್ಲ. ಅರಗು ಕಚ್ಚಿಕೊಂಡಿತ್ತು.

"ಬುಡಿ ಬೀಗ್ರೇ, ನಾನಿದೀನಿ!" ಎಂದು ಮಗಳ ಹೇರ್ ಡ್ರೈಯರ್ ತಂದು ಬಿಸಿಗಾಳಿ ಹಿಡಿದೆ. ಅರಗು ಕರಗಿ ನನ್ನ ರೇಷ್ಮೆ ಪಂಚೆಯ ಮೇಲೆ ಇಳಿಯಿತು. ಗುಂಡಿಯೂ ತಿರುಗಿತು! ಪೆಟ್ಟಿಗೆ ಗುಂಯ್ ಎಂದಿತು! ನಾನು ಚಪ್ಪಾಳೆ ತಟ್ಟಿದೆ. ಒಬ್ಬನೇ.

ಒಳಗೆ ಚಾಪೆಯ ಮೇಲಿದ್ದ ಸಣ್ಣ ಪೆಟ್ಟಿಗೆಯಲ್ಲಿ ದೀಪವೇ ಇಲ್ಲ.

ಪುರೋಹಿತರು ಗಡಿಯಾರ ನೋಡಿದರು. ಬೀಗರ ಮುಖ ಕಪ್ಪಿಟ್ಟಿತು. "ಯುದ್ಧದಾಗೆ ಉಳ್ಕಂಡಿತ್ತು ಕಣ್ರೀ ಇದು. ನಿಮ್ಮನೇಲಿ ಹೋಗ್ಬುಡ್ತು!"

ಅವರ ಹೆಂಡತಿ ತಾಂಬೂಲದ ತಟ್ಟೆಯನ್ನು ತಮ್ಮ ಕಡೆಗೆ ತುಸು ಎಳೆದುಕೊಂಡರು. ಮಂಜುಳಾಳ ಕಣ್ಣು ತುಂಬಿತು. "ಅಪ್ಪಾ, ಹಿಡಿ ಮಾತ್ರ ಕೇಳಿದ್ರಲ್ಲಪ್ಪಾ..." ಎಂದಳು. ನನ್ನ ಕೈಯಾರೆ ಮಗಳ ಸಂಬಂಧ ಮುರಿದೆನಲ್ಲ ಎಂದು ನಿಜಕ್ಕೂ ಅಳು ಬಂತು.

ಆಗ ಸಾವಿತ್ರಿ ಮುಂದೆ ಬಂದು ಸಣ್ಣ ಪೆಟ್ಟಿಗೆಯನ್ನು ಮುಟ್ಟಿ ನೋಡಿದಳು. "ರೀ, ಇಲ್ಲಿ ಬಿಸಿ ಐತೆ! ದೀಪದ ಗಾಜಿಗೂ ಬಳ್ದಿದ್ದೀರಾ?"

ಮೂರು ಕೋಟ್! ಅವಳು ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಲ್ಲಿ ಒರೆಸಿದಳು. ಒಳಗೆ ದೀಪ ಆಗಲೇ ಉರಿಯುತ್ತಿತ್ತು! ಮನೆಯೆಲ್ಲ ಹೋ ಎಂದಿತು. ತಾಂಬೂಲ ಬದಲಾಯಿತು. ಬೀಗರು ನನ್ನನ್ನು ಬಿಟ್ಟು ಎಲ್ಲರಿಗೂ ಕೈ ಮುಗಿದರು.

ಹೊರಡುವಾಗ ಮಾತ್ರ, ಒರೆಸಿಹೋದ ಬಣ್ಣ ಸರಿಮಾಡಲು ಮತ್ತೆ ಬ್ರಷ್ ಹಿಡಿದಿದ್ದ ನನ್ನ ಹತ್ತಿರ ಬಂದು, "ಮದ್ವೆ ದಿನ ನಿಮ್ಮ ಎಡಕ್ಕೊಬ್ಬ ಬಲಕ್ಕೊಬ್ಬ ನಮ್ ಹುಡುಗ್ರು ನಿಂತಿರ್ತಾರೆ ಬೀಗ್ರೇ" ಎಂದರು.

ಮಂತ್ರಿಗಳಿಗೆ ಮಾಡುವ ಮರ್ಯಾದೆ! ಓಡಿ ಹೋಗಿ ಸಾವಿತ್ರಿಗೆ ಹೇಳಿದೆ.

ಅವಳು ನನ್ನ ಕೈಯಲ್ಲಿದ್ದ ಬ್ರಷ್ ಕಿತ್ತುಕೊಂಡು ಹೇಳಿದಳು: "ಮರ್ಯಾದೆಗಲ್ಲ ಕಣ್ರೀ, ನಿಮ್ಮ ಎರಡೂ ಕೈ ಹಿಡ್ಕಳಕ್ಕೆ!"