ಮೊಮ್ಮಗಳ ಗೆರೆ, ರಬ್ಬರಿನವರ ಸಲಹೆ

ತಲೆ ತಿರುಗುವಂಥದ್ದು ಎಂತಾದರೂ ಒಂದು ನಮ್ಮ ಊರಿನಲ್ಲಿ ಆಗ್ತಾನೇ ಇರ್ತದೆ. ಈ ಸಲ ಅದು ಶಾಲೆಯಿಂದ ಬಂತು.

೧. ಚೌಕಟ್ಟು ಅಲ್ಲ

ಪೋಷಕರ ಮೀಟಿಂಗಿಗೆ ಸೊಸೆಯ ಬದಲು ನಾನು ಹೋಗಿದ್ದೆ. ಟೀಚರ್ ಪ್ರೊಜೆಕ್ಟರಿನಲ್ಲಿ ಗೋಡೆಯ ಮೇಲೆ ಬಣ್ಣ ಬಣ್ಣದ ಗೆರೆ ಬಿಟ್ಟು, "ಇನ್ನು ಮಕ್ಕಳ ಮಾರ್ಕೆಲ್ಲ ಆನ್‌ಲೈನ್ ಶೀಟಿನಲ್ಲಿ. ಗೆರೆ ಏರಿದರೆ ಕಲೀತಿದ್ದಾರೆ, ಇಳಿದರೆ ಇಲ್ಲ. ಮೊಬೈಲಿನಲ್ಲೇ ನೋಡಿ" ಅಂದರು.

"ನಮ್ಮ ಹುಡುಗಿಯ ಗೆರೆ ಎಲ್ಲುಂಟು ಟೀಚರೇ?"

"ಅಡಿಯಲ್ಲಿ ನೋಡಿ ಅಜ್ಜಿ."

"ಅದು ಚೌಕಟ್ಟು ಅಲ್ವಾ?"

"ಅಲ್ಲ ಅಜ್ಜಿ, ಅದೇ ನಿಮ್ಮ ಮೊಮ್ಮಗಳು."

೨. ಮಳೆಗಾಲ ಬರಲಿ

ಮೊಮ್ಮಗಳು ತಾಲೂಕು ಕಬಡ್ಡಿ ಟೀಮಿಗೆ ಆಯ್ಕೆಯಾದವಳು. ಮಗ ಹೇಳಿಬಿಟ್ಟ, "ಈ ಗೆರೆ ಇನ್ನೂ ಇಳಿದರೆ ಕಬಡ್ಡಿ ಬಂದ್." ಹುಡುಗಿ ಊಟ ಬಿಟ್ಟು ಕೂತಳು.

ಪಕ್ಕದ ಮನೆಯಲ್ಲೂ ಅದೇ ಗೋಳು. ಆ ಯಜಮಾನರು ಮುಖ ತೊಳೆಯುವ ಮೊದಲು ಮೊಬೈಲಿನಲ್ಲಿ ಸುಳ್ಯದ ರಬ್ಬರ್ ರೇಟಿನ ಗೆರೆ ನೋಡುವ ಜನ. ತಮ್ಮ ಹುಡುಗನ ಗೆರೆ ಇಳಿದದ್ದು ನೋಡಿ ಹೆಂಡತಿ ಅತ್ತರೆ, "ಗಾಬರಿ ಎಂತಕ್ಕೆ? ಮಳೆಗೆ ರಬ್ಬರ್ ಮರದ ಟ್ಯಾಪಿಂಗ್ ನಿಲ್ಲಲಿ, ಮಾಲು ಕಮ್ಮಿಯಾಗಿ ತನ್ನಿಂದ ತಾನೇ ಏರ್ತದೆ" ಅಂದರು.

ಆ ಹುಡುಗನಿಗೆ ಅಷ್ಟೇ ಬೇಕಿತ್ತು. ಪುಸ್ತಕ ಮುಚ್ಚಿಟ್ಟು ಮಳೆಗೆ ಕಾದ.

೩. ಎರಡು ಹೆಚ್ಚು

ರಬ್ಬರಿನವರ ಹೆಂಡತಿ ಕಾಯುವ ಪೈಕಿ ಅಲ್ಲ. ಟೀಚರ್ ಶೀಟಿಗೆ ಬೀಗ ಹಾಕಲು ಮರೆತಿದ್ದರಂತೆ, ಯಾರು ಒತ್ತಿದರೂ ಮಾರ್ಕು ಬದಲಾಗ್ತದಂತೆ. ಇವಳು ಮಗನಿಗೆ ಇಪ್ಪತ್ತೈದಕ್ಕೆ ಇಪ್ಪತ್ತೇಳು ಹಾಕಿದಳು.

ಬೇಲಿಯ ಹತ್ತಿರ ಕೇಳಿದೆ, "ಎರಡು ಹೆಚ್ಚು ಎಂತಕ್ಕೆ ಮಾರಾಯ್ತಿ?"

"ಟೀಚರ್ ಎರಡು ಕಳೆದರೂ ಪೂರ್ತಿ ಇರಲಿ ಅಂತ."

ನನಗೆ ಗೊತ್ತಾದ ಮೇಲೆ ಊರಿಗೆ ಗೊತ್ತಾಗದೆ ಇರ್ತದಾ? ವಾರದೊಳಗೆ ಎಲ್ಲ ಮನೆಯ ಗೆರೆಯೂ ಏರಿತು. ನಮ್ಮದು ಮಾತ್ರ ಮಲಗಿಯೇ ಇತ್ತು. ನನ್ನ ಮಗನ ಹತ್ತಿರ ಹೇಳಲು ಧೈರ್ಯ ಇಲ್ಲ, ನನಗೆ ಎಲ್ಲಿ ಒತ್ತುದು ಅಂತ ಗೊತ್ತಿಲ್ಲ.

೪. ಇಳಿಯದ್ದು ಒಂದೇ

ಟೀಚರ್ ಬೀಗ ಹಾಕಿ, ಸರಿಯಾದ ಮಾರ್ಕು ಪುನಃ ತುಂಬಿಸಿದರು. ಒಂದೇ ದಿನ ಊರಿನ ಗೆರೆಗಳೆಲ್ಲ ಬಿದ್ದವು. ನನ್ನ ಮಗ ಮೊಬೈಲನ್ನು ಅಡ್ಡ, ಉದ್ದ ತಿರುಗಿಸಿ ನೋಡಿದ.

"ಎಲ್ಲರದ್ದೂ ಇಳಿದಿದೆ, ನಮ್ಮದು ಇಳಿಯಲಿಲ್ಲ. ಹೋಗು, ಆಡು."

ಹುಡುಗಿ ಅಂಗಳ ದಾಟಿ ಆಗಿತ್ತು. ಅಡಿಯಲ್ಲೇ ಇದ್ದ ಗೆರೆಗೆ ಇಳಿಯಲು ಜಾಗ ಎಲ್ಲಿತ್ತು ಅಂತ ನಾನು ಬಾಯಿ ಬಿಡಲಿಲ್ಲ. ಈ ಜನ್ಮದಲ್ಲಿ ನಾನು ಹೊಟ್ಟೆಯಲ್ಲಿಟ್ಟುಕೊಂಡ ಮಾತು ಅದೊಂದೇ.

ಬೇಲಿಯಾಚೆ ಪಕ್ಕದ ಮನೆಯಾಕೆ ಮೂಗು ಸೀಟುತ್ತಿದ್ದಳು. ರಬ್ಬರಿನವರು ಸಮಾಧಾನ ಮಾಡುತ್ತಿದ್ದರು:

"ಆಸೆ ಜಾಸ್ತಿ ಆಯ್ತು ನಿನಗೆ. ಇಪ್ಪತ್ತೇಳು ಇದ್ದಾಗಲೇ ಮಾರಿಬಿಡಬೇಕಿತ್ತು."