ಅಟ್ಟಕ್ಕೇರಿದ ಪಾಸು

ತಿಪಟೂರಿನ ಪಂಪ್‌ಸೆಟ್ ಅಂಗಡಿಯವರು ಲಕ್ಕಿ ಡ್ರಾ ಎತ್ತದೇ ಇದ್ದಿದ್ದರೆ, ಹೊನ್ನವಳ್ಳಿಯ ತೋಂಟದಾರ್ಯನಿಗೆ ಆ ಭಾನುವಾರ ಅಷ್ಟೊಂದು ಫಜೀತಿ ಆಗುತ್ತಿರಲಿಲ್ಲ. ಮೋಟಾರು ಕೊಂಡವನಿಗೆ ಬಹುಮಾನ ಬಂದದ್ದು ತುರುವೇಕೆರೆ ರಸ್ತೆಯಲ್ಲಿ ಹೊಸದಾಗಿ ಆಗಿದ್ದ ಜಲಸಿರಿ ನೀರಾಟದ ಪಾರ್ಕಿನ ವರ್ಷದ ಪಾಸು. ಗಂಡ ಹೆಂಡತಿ ಇಬ್ಬರಿಗೂ ಒಂದೇ ಕಾರ್ಡು.

ಅದು ಕೈಗೆ ಬಂದ ದಿನವೇ ಅವನು ಅದನ್ನು ಅಟ್ಟಕ್ಕೇರಿಸಿದ. ತಪ್ಪು ಅವನದಲ್ಲ, ಕಸುಬಿನದು. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹಾಕಿ ವರ್ಷದ ತನಕ ಕಾಯುತ್ತಾರೆ. ಒಳಗಿನ ನೀರೆಲ್ಲ ಬತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿದರೆ ಕೊಬ್ಬರಿ ಗಡಗಡ ಅನ್ನಬೇಕು. ಆಮೇಲೇ ಒಡೆಯುವುದು.

"ಹೊಸಾ ಪಾರ್ಕು ಕಣೇ, ಜನ ಹಸಿಕಾಯಿ ಥರ ತುಂಬ್ಕೊಂಡವ್ರೆ. ಒಣಗ್ಲಿ ತಡಿ. ವರ್ಸದ ಪಾಸಲ್ವಾ, ವರ್ಸ ಆಗ್ಲಿ" ಎಂದಿದ್ದ.

ಹೆಂಡತಿ ದ್ರಾಕ್ಷಾಯಣಮ್ಮ ತಲೆಯಾಡಿಸಿ ಕಾಯಿ ಸುಲಿಯಲು ಹೋದಳು. ಮದುವೆಯಾದ ಹೊಸದರಲ್ಲಿ ಅವಳಿಗೆ ಸಮುದ್ರ ತೋರಿಸುತ್ತೇನೆ ಅಂದಿದ್ದ. ಹಸು ಕರು ಹಾಕಿತು, ಬೋರ್‌ವೆಲ್ ಕೆಟ್ಟಿತು, ಕಾಯಿ ಕೀಳಿಸುವ ದಿನ ಬಂತು, ಹಾಗೇ ಮೂವತ್ತು ವರ್ಷ ಕಳೆದವು. ಅವಳು ಸುಲಿದ ಕಾಯಿಯಿಂದಲೇ ಈ ಮನೆ ನಿಂತಿದೆ ಎಂಬುದು ತೋಂಟದಾರ್ಯನಿಗೆ ಚೆನ್ನಾಗಿ ಗೊತ್ತಿತ್ತು. ಬಾಯಿ ಬಿಟ್ಟು ಹೇಳಲು ಮಾತ್ರ ನಾಚಿಕೆ. ಪಾರ್ಕಿನಲ್ಲಿ ಅಲೆ ಏಳುವ ಕೊಳವೊಂದು ಇದೆಯಂತೆ; ಅದನ್ನು ತೋರಿಸಿ ಋಣ ತೀರಿಸುತ್ತೇನೆ ಎಂದುಕೊಂಡಿದ್ದ.

ಆ ಭಾನುವಾರ ಬೆಳಿಗ್ಗೆ ಕಾಯಿ ನೋಡಲು ಅಟ್ಟ ಹತ್ತಿದವನು, ಕನ್ನಡಕ ಹಾಕಿಕೊಂಡು ಮೊದಲ ಸಲ ಪಾಸು ಓದಿದ. ಓದಿ ಏಣಿಯ ಮೇಲೇ ಕೂತುಬಿಟ್ಟ. ವರ್ಷ ಆದ ಮೇಲೆ ಅಲ್ಲ, ವರ್ಷದ ಒಳಗೆ! ಇವತ್ತೇ ಕೊನೇ ದಿನ!

"ದ್ರಾಕ್ಷಾಯಣೀ! ಸೀರೆ ಉಟ್ಕೊಳೇ! ಅಲೆ ನೋಡಕ್ಕೆ ಹೋಗ್ಬೇಕು!"

"ಅಂತೂ ಒಣಗ್ತಾ?" ಎಂದು ಅವಳು ಒಳಗಿನಿಂದ ಕೇಳಿದಳು. ದನಿಯಲ್ಲಿ ನಗುವಿತ್ತು. "ಬುತ್ತಿ ಕಟ್ಕೊಂಡು ಬತ್ತೀನಿ, ಇರಿ."

ಕಾರ್ಡಿನ ಅಂಚಿನಲ್ಲಿ ಸಾಲಾಗಿ ಹನ್ನೊಂದು ದುಂಡು ತೂತುಗಳಿದ್ದವು. ಇಲಿ! ದೀಪಾವಳಿಯ ಹೊತ್ತಿಗೆ ಮೂರಿದ್ದವು. ಪಕ್ಕದ ಮನೆ ಗುರುಸಿದ್ದಮ್ಮನ ಬೆಕ್ಕನ್ನು ಎರವಲು ತಂದು, ದಿನಾ ಹಾಲು ಹಾಕಿ ಅಟ್ಟದ ಮೇಲೆ ಕಾವಲಿಟ್ಟಿದ್ದ. ಬೆಕ್ಕು ಕುಂಬಳಕಾಯಿಯಾಯಿತು, ತೂತು ಮಾತ್ರ ಹೆಚ್ಚುತ್ತಲೇ ಹೋದವು. ಇಷ್ಟು ನಾಜೂಕಾಗಿ, ಅಕ್ಕಸಾಲಿಗನ ಹಾಗೆ ಕೊರೆಯುವ ಇಲಿಯನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

ಗದ್ದಲ ಕೇಳಿ ಗುರುಸಿದ್ದಮ್ಮನ ಗಂಡ ಮಹಾಂತೇಶ್ ಮೊಬೈಲು ಹಿಡಿದು ಬಂದ. ಪಾರ್ಕಿನಲ್ಲಿ ಎಷ್ಟು ಜನ ಇದ್ದಾರೆ ಎಂದು ಬಣ್ಣದಲ್ಲಿ ತೋರಿಸುವ ಆಪ್ ಅವನ ಮೊಬೈಲಿನಲ್ಲಿತ್ತು. ಹಸಿರು ಅಂದರೆ ಖಾಲಿ, ಕೆಂಪು ಅಂದರೆ ಕಾಲಿಡಲು ಜಾಗವಿಲ್ಲ. ವರ್ಷವೆಲ್ಲ ತೋಂಟದಾರ್ಯ ಯಾವಾಗ ಕೇಳಿದರೂ "ಕೆಂಪು ಕಣಣ್ಣ, ಮೆಣಸಿನಕಾಯಿ ಕೆಂಪು" ಅನ್ನುತ್ತಿದ್ದವನು ಇವತ್ತು ಪರದೆ ಕಡೆ ನೋಡದೆಯೇ, "ಹಸಿರು ತೋಂಟಣ್ಣ, ಗರಿ ಹಸಿರು! ನಡಿ ನಡಿ" ಎಂದ.

"ನಿಜವಾಗ್ಲೂ?"

"ಖಾಲಿ ಹೊಡೀತೈತೆ ಅಂತೀನಿ!"

ಮಹಾಂತೇಶನ ಗಂಟಲು ಸಾಮಾನ್ಯದ್ದಲ್ಲ. ಪಾರ್ಕು ಖಾಲಿ ಎಂಬ ಸುದ್ದಿ ಬೀದಿಯ ಈ ತುದಿಯಿಂದ ಆ ತುದಿಗೆ ಹೋಯಿತು.

"ಇನ್ನೊಂದು ಮಾತು. ನೀರಲ್ಲಿ ಕಾರ್ಡು ತೇಲ್ಕೊಂಡು ಹೋದಾತು. ತೂತು ಹೊಡ್ದು ದಾರ ಕಟ್ಟಿ ಕುತ್ತಿಗೆಗೆ ಹಾಕ್ಕೋ."

"ಇಲಿ ಹೊಡ್ದಿರೋ ತೂತೇ ಅದಾವಲ್ಲ?"

"ಇಲಿ ಬಾಯಿ ಹಾಕಿದ್ದಾ? ಥೂ! ಎದೆ ಮ್ಯಾಲೆ ಹಾಕ್ಕೊಂತೀಯಾ ಅದ್ನ?"

ಮಾತು ಸರಿಯೆನಿಸಿತು. ಇಲಿಗಳು ಆ ಸಾಲಿನ ತುದಿಯಲ್ಲಿ ಒಂದೇ ಒಂದು ಜಾಗ ಬಿಟ್ಟಿದ್ದವು. ತೋಂಟದಾರ್ಯ ಅಲ್ಲಿ ಮೊಳೆಯಿಟ್ಟು ಕಲ್ಲಿನಿಂದ ಕುಟ್ಟಿದ. ತೆಂಗಿನ ಹುರಿ ಪೋಣಿಸಿ, ಕುತ್ತಿಗೆಗೆ ಹಾಕಿಕೊಂಡು, ಬೀಳದಿರಲೆಂದು ಅಂಗಿಯೊಳಗೆ ಇಳಿಬಿಟ್ಟ. ದ್ರಾಕ್ಷಾಯಣಮ್ಮ ಬುತ್ತಿ ಹಿಡಿದು ಹೊರಗೆ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು.

ಮೊಪೆಡ್ಡು ಇಬ್ಬರನ್ನು ಹೊತ್ತು ಗಬ್ಬದ ಎಮ್ಮೆಯ ಹಾಗೆ ಹೊರಟಿತು. ಒಂದು ಮೈಲಿ ಹೋಗಿರಲಿಲ್ಲ, ಹಿಂದಿನಿಂದ ಕಾಯಿ ಸಾಗಿಸುವ ಗೂಡ್ಸ್ ಆಟೋವೊಂದು ಹಾರನ್ ಹೊಡೆಯುತ್ತಾ ಬಂತು. ಕಾಯಿ ಇರಬೇಕಾದ ಕಡೆ ಹೊನ್ನವಳ್ಳಿಯ ಹೆಂಗಸರು ಮಕ್ಕಳು ತುಂಬಿದ್ದರು.

"ತೋಂಟಣ್ಣಾ! ಹಸಿರಂತೆ! ಒಳಗೆ ಸಿಗ್ತೀವಿ!"

ಅದರ ಹಿಂದೆ ಇನ್ನೊಂದು. ಆಮೇಲೆ ಒಂದು ಟ್ರ್ಯಾಕ್ಟರು. ಕೊನೆಗೆ ಗುರುಸಿದ್ದಮ್ಮನನ್ನು ಕೂರಿಸಿಕೊಂಡು ಮಹಾಂತೇಶನ ಬೈಕು, ಟಾಟಾ ಮಾಡುತ್ತಾ ಹೋಯಿತು.

"ನಾನು ಹೆದ್ರಿದ್ದ ಜನ ಎಲ್ಲಾ ನಮ್ಮೂರೋರೇ ಕಣೇ!" ಎಂದ ತೋಂಟದಾರ್ಯ.

"ಇರ್ಲಿ ಬುಡಿ. ನಮ್ಮ ಪಾಸು ನಮ್ಮತ್ರ ಐತಲ್ಲ" ಎಂದು ಅವಳು ಅವನ ಬೆನ್ನಿಗೆ ಒರಗಿದಳು.

ಪಾರ್ಕಿನ ಮುಂದೆ ಇರುವೆ ಗೂಡು ಒಡೆದ ಹಾಗಿತ್ತು. ಅವರು ಮುಟ್ಟುವುದಕ್ಕೂ, 'ಇಂದು ಭರ್ತಿ. ಟಿಕೆಟ್ ಮುಗಿದಿದೆ. ಪಾಸ್ ಇದ್ದವರಿಗೆ ಮಾತ್ರ' ಎಂಬ ಬೋರ್ಡು ನೇತು ಹಾಕುವುದಕ್ಕೂ ಸರಿಹೋಯಿತು. ಕೊನೆಯ ಟಿಕೆಟ್ಟು ಹಿಡಿದ ಮಹಾಂತೇಶ್ ಒಳಗೆ ಓಡುವುದು ಕಂಡಿತು.

ಪಾಸಿನವರಿಗೆ ಮಾತ್ರ! ತೋಂಟದಾರ್ಯನ ಎದೆ ಎರಡು ಗೇಣು ಉಬ್ಬಿತು. ಹುರಿ ಎಳೆದು ಪಾಸು ಹೊರತೆಗೆದ. ಗೇಟಿನಲ್ಲಿ ಕೂತಿದ್ದ ಕೆಂಕೆರೆಯ ಲಕ್ಕಯ್ಯ ಎದ್ದು ನಿಂತು ಕೈ ಮುಗಿದ. ಆದರೆ ಮುಗಿದದ್ದು ತೋಂಟದಾರ್ಯನಿಗಲ್ಲ.

"ಬನ್ನಿ ದ್ರಾಕ್ಷಾಯಣಕ್ಕ! ಇವತ್ತೇನು, ಗುರುಸಿದ್ದಕ್ಕನ ಬದಲು ಯಜಮಾನ್ರನ್ನ ಕರ್ಕೊಂಡು ಬಂದೀರಾ?"

ತೋಂಟದಾರ್ಯ ಹೆಂಡತಿಯ ಮುಖ ನೋಡಿದ. ಅವಳು ಬುತ್ತಿಯ ಗಂಟು ನೋಡಿದಳು.

ಲಕ್ಕಯ್ಯ ಕಾರ್ಡನ್ನು ಬೆಳಕಿಗೆ ಹಿಡಿದು ಎಣಿಸಿದ. "ಹನ್ನೆರಡು. ಮುಗೀತಲ್ಲ ಅಕ್ಕ. ವರ್ಸಕ್ಕೆ ಹನ್ನೆರಡೇ ಸಲ, ಹಿಂದ್ಗಡೆ ಬರ್ದೈತೆ."

"ಅದು ಇಲಿ ಕಣಪ್ಪ!" ಎಂದ ತೋಂಟದಾರ್ಯ.

"ಯಾವ ಇಲಿ ಯಜಮಾನ್ರೇ? ಈ ಇಲಿ!" ಲಕ್ಕಯ್ಯ ಮೇಜಿನ ಮೇಲಿದ್ದ ತೂತು ಹೊಡೆಯುವ ಪಂಚನ್ನು ಎತ್ತಿ ಕಟಕಟ ಅನ್ನಿಸಿದ. "ಬಂದಾಗೆಲ್ಲ ಒಂದೊಂದು ತೂತು. ನಾನೇ ಹೊಡ್ದಿರೋದು."

"ಹನ್ನೆರಡು ಹೆಂಗಾಯ್ತು?" ದ್ರಾಕ್ಷಾಯಣಮ್ಮ ಗಾಬರಿಯಾದಳು. "ನಾನು ಬಂದಿದ್ದು ಹನ್ನೊಂದೇ ಸಲ! ಕೊನೇದು ಇವ್ರ ಜೊತೆ ಬರಾನ ಅಂತ ಉಳಿಸಿಟ್ಟಿದ್ದೆ!"

ಆಗ ಅವಳ ಕಣ್ಣು ತೆಂಗಿನ ಹುರಿಯ ಮೇಲೆ ಬಿತ್ತು.

"ದಾರ ಕಟ್ಟಕ್ಕೆ ತೂತು ಯಾರ್ ಹೊಡ್ದಿದ್ದು?"

ತೋಂಟದಾರ್ಯ ಜೇಬಿನಲ್ಲಿದ್ದ ಮೊಳೆಯನ್ನು ಮುಟ್ಟಿ ನೋಡಿಕೊಂಡ.

"ಅಯ್ಯೋ ಯಜಮಾನ್ರೇ," ಲಕ್ಕಯ್ಯ ತಲೆ ಕೆರೆದುಕೊಂಡ, "ತೂತು ಅಂದ್ರೆ ತೂತೇ. ಸಂಜೆ ಆಫೀಸಿನೋರು ಎಣಿಸ್ತಾರೆ. ಬಿಟ್ರೆ ನನ್ ಕೆಲ್ಸ ಹೋಯ್ತದೆ."

ಗಂಡ ಹೆಂಡತಿ ಕಾಂಪೌಂಡಿನ ಹೊರಗೆ ತೆಂಗಿನ ಮರದ ಬುಡದಲ್ಲಿ ಕೂತು ಬುತ್ತಿ ಬಿಚ್ಚಿದರು. ಗೋಡೆಯಾಚೆ ಹೊನ್ನವಳ್ಳಿಯೇ ಕೇಕೆ ಹಾಕುತ್ತಿತ್ತು.

"ಕೊಬ್ಬರಿ ಹರಾಜಿಗೆ ಅಂತ ನೀವು ತಿಪಟೂರಿಗೆ ಹೋದಾಗ ಬತ್ತಿದ್ವಿ" ಎಂದಳು ಅವಳು ತಲೆ ತಗ್ಗಿಸಿ. "ಕೇಳಿದ್ರೆ ಒಣಗ್ಲಿ ಅಂತಿದ್ರಿ. ಒಂದೇ ಒಂದು ಸಲ ನೋಡ್ಬುಡಾನ ಅಂತ ಬಂದೆ. ಆಮೇಲೆ ಮನಸು ತಡೀಲಿಲ್ಲ ಕಣ್ರೀ."

"ಮಾಂತೇಶ ವರ್ಸೆಲ್ಲಾ ಕೆಂಪು ಅಂತಿದ್ನಲ್ಲ?"

"ಗುರುಸಿದ್ದಿ ಹೇಳ್ಕೊಟ್ಟಿದ್ದು."

ತೋಂಟದಾರ್ಯನಿಗೆ ಸಿಟ್ಟು ಬರಬೇಕಿತ್ತು. ಹುಡುಕಿದ, ಸಿಗಲಿಲ್ಲ. ತನ್ನ ಕೈಯಲ್ಲಿ ಮೂವತ್ತು ವರ್ಷ ಆಗದ್ದನ್ನು ಅವಳು ಹನ್ನೊಂದು ಸಲ ನೋಡಿದ್ದಾಳೆ. ಕೊನೆಯದನ್ನು ತನಗೆಂದು ಎತ್ತಿಟ್ಟಿದ್ದಾಳೆ. ರೊಟ್ಟಿ ಮುರಿದು ಮೊದಲ ತುಂಡನ್ನು ಅವಳಿಗೇ ಕೊಟ್ಟ.

"ಹೋಗ್ಲಿ, ಅಲೆ ಹೆಂಗಿರ್ತದೆ ಹೇಳು."

ಅವಳು ಸೆರಗನ್ನು ಎರಡು ಕೈಯಲ್ಲಿ ಹಿಡಿದು ಗಾಳಿಗೆ ಒದರಿದಳು. "ಹಿಂಗೆ ಬತ್ತದೆ. ಕಾಲಡೀಲಿ ಮಣ್ಣೇ ಎಳ್ಕೊಂಡು ಹೋದಂಗಾಯ್ತದೆ. ಬಿದ್ದೇಬಿಟ್ಟೆ ಅಂದ್ಕೊಂತೀರಿ. ಬೀಳಲ್ಲ." ಸಂಜೆಯ ತನಕ ಹೇಳಿದಳು. ಅವನು ಕೇಳಿದ.

ಮನೆಗೆ ಬಂದಾಗ ಅಟ್ಟದ ಮೇಲೆ ಬೆಕ್ಕು ಗೊರಕೆ ಹೊಡೆಯುತ್ತಿತ್ತು. ಇಲ್ಲದ ಇಲಿಯನ್ನು ಕಾಯಲು ದೀಪಾವಳಿಯಿಂದ ಹಾಲು ಕುಡಿದ ಬೆಕ್ಕು! ಅದನ್ನು ಎತ್ತಿಕೊಂಡು ಹೋಗಿ, ಒದ್ದೆ ಬಟ್ಟೆ ಒಣಗಲು ಹಾಕುತ್ತಿದ್ದ ಗುರುಸಿದ್ದಮ್ಮನ ಕೈಗೆ ಕೊಟ್ಟ.

"ತಗೋ ತಾಯಿ. ಇಲಿ ಸಿಕ್ತು."

"ಹೌದಾ ಅಣ್ಣ? ಎಲ್ಲಿತ್ತು?" ಎಂದಳು ಅವಳು ನಾಲಿಗೆ ಕಚ್ಚಿಕೊಂಡು.

"ಒಂದು ನಿನ್ನ ಮನೇಲಿ, ಒಂದು ನನ್ನ ಮನೇಲಿ. ಮೂರನೇದು," ಎಂದು ತೋಂಟದಾರ್ಯ ಜೇಬಿನಿಂದ ಮೊಳೆ ತೆಗೆದು ತೋರಿಸಿದ, "ನಾನೇ."