ಭದ್ರತಾ ಚಿಪ್ ಕಳುವಿನ ಪ್ರಕರಣ

ಕುಷ್ಟಗಿಯ ಗುಮಾಸ್ತ ಪಂಪಾಪತಿ ಆ ಶನಿವಾರ ಬೆಳಿಗ್ಗೆ ಭೀಷ್ಮಪ್ರತಿಜ್ಞೆ ಮಾಡಿದ. ಲ್ಯಾಪ್‌ಟಾಪಿಗೆ ಹೊಸ ವಿಂಡೋಸ್ ತಾನೇ ಹಾಕುವುದು, ಯಾವ ರಿಪೇರಿಯವನ ಮುಖವನ್ನೂ ನೋಡದಿರುವುದು! ರೊಟ್ಟಿ ಬಡಿಯುತ್ತಿದ್ದ ಹೆಂಡತಿ ದುರ್ಗಾದೇವಿ, ತಾವರಗೇರಾದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ತನ್ನ ತಮ್ಮ ಗಾಳೇಶನನ್ನು ಒಂದು ಮಾತು ಕೇಳಬಾರದೇ ಎಂದಳು. ಪಂಪಾಪತಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಗುಂಡಿ ಒತ್ತಿದ. ಲ್ಯಾಪ್‌ಟಾಪ್ ತನ್ನ ಮೈಯೆಲ್ಲ ತಡವಿ ನೋಡಿಕೊಂಡು, ಭದ್ರತಾ ಚಿಪ್ ಕಾಣುತ್ತಿಲ್ಲ, ಅದಿಲ್ಲದೆ ಹೊಸ ವಿಂಡೋಸ್ ಕೂಡಾ ಇಲ್ಲ ಎಂದುಬಿಟ್ಟಿತು. ಗುಟ್ಟಿನ ನಂಬರುಗಳನ್ನು ಕಾಯುವ ಆ ಚಿಪ್ ತೊಗರಿಕಾಳಿನಷ್ಟಿರುತ್ತದೆಯಂತೆ. ಕೊಂಡಾಗ ಇತ್ತೆಂದು ಡಬ್ಬಿಯ ಮೇಲೆಯೇ ಅಚ್ಚಾಗಿತ್ತು. ಬಂದ್ ಮಾಡಿ ಚಾಲೂ ಮಾಡಿದ, ಊದುಬತ್ತಿ ಕೂಡ ಬೆಳಗಿದ. ಬರಲಿಲ್ಲ. ಇದ್ದದ್ದು ಇಲ್ಲವಾದರೆ ಅದು ಕಳುವು, ಕಳುವೆಂದ ಮೇಲೆ ಒಬ್ಬ ಕಳ್ಳ ಬೇಕು. ಈ ಲ್ಯಾಪ್‌ಟಾಪಿನ ಹೊಟ್ಟೆ ಬಿಚ್ಚಿದವನು ಲೋಕದಲ್ಲಿ ಒಬ್ಬನೇ. ದಸರೆಗೆ ಬಂದಾಗ ಪುಕ್ಕಟೆ ಧೂಳು ಹೊಡೆದುಕೊಟ್ಟ ಗಾಳೇಶ.

"ನಿನ್ನ ತಮ್ಮ ಚಿಪ್ ಕಿತ್ಕೊಂಡು ಹೋಗ್ಯಾನ," ಎಂದ.

ದುರ್ಗಾದೇವಿ ಹಂಚಿನ ಮೇಲಿನ ರೊಟ್ಟಿ ತೆಗೆದಳು, ಒಲೆ ಆರಿಸಿದಳು, ತಮ್ಮನಿಗೆ ಫೋನು ಮಾಡಿ ವಿಷಯ ತಿಳಿಸಿದಳು. ಆಮೇಲೆ ಬ್ಯಾಗಿಗೆ ಸೀರೆ ತುಂಬತೊಡಗಿದಳು.

"ಕಳ್ಳನ ಅಕ್ಕ ಈ ಮನ್ಯಾಗ ಇರಾಂಗಿಲ್ರಿ. ನಾಳೆ ತಮ್ಮ ಬರ್ತಾನ, ಅವನ ಕೂಡ ಹೋಗತೀನಿ."

ಈಗ ಪಂಪಾಪತಿಗೆ ಪುರಾವೆ ಬೇಕಾಯಿತು. ಮಧ್ಯಾಹ್ನವೆಲ್ಲ ವಿಡಿಯೋ ನೋಡಿ, ಲ್ಯಾಪ್‌ಟಾಪ್ ಪೂರಾ ಎಚ್ಚರಾಗುವ ಮೊದಲೇ ತೆರೆಯುವ ಸೆಟ್ಟಿಂಗಿನೊಳಗೆ ಹೊಕ್ಕ. ಚಿಪ್ ಅಲ್ಲೇ ಇತ್ತು. ಪಕ್ಕದಲ್ಲಿ 'ಬಂದ್' ಎಂಬರ್ಥದ ಇಂಗ್ಲಿಷ್ ಶಬ್ದವಿತ್ತು. ಆಗ ನೆನಪಾಯಿತು. ದೀಪಾವಳಿ ರಜೆಯಲ್ಲಿ ಸ್ಪೀಡು ಹೆಚ್ಚಿಸುತ್ತೇನೆಂದು ಇದೇ ಪುಟಕ್ಕೆ ಬಂದು, ಗುರುತಿಲ್ಲದವರಿಗೆ ಮನೆಯೊಳಗೇನು ಕೆಲಸ ಎಂದು, ಹೆಸರು ತಿಳಿಯದ್ದನ್ನೆಲ್ಲ ಬಂದ್ ಮಾಡಿದವನು ತಾನೇ.

ಚಾಲೂ ಮಾಡಿದ. ಚಿಪ್ ಹಾಜರಾಯಿತು. ಪಂಪಾಪತಿಗೆ ಹೋದ ಜೀವ ಬಂತು, ಬಂದದ್ದು ಮತ್ತೆ ಹೋಯಿತು. ಸಿಕ್ಕಿತೆಂದು ಹೇಳಿದರೆ ಹೇಗೆ ಸಿಕ್ಕಿತೆಂದೂ ಹೇಳಬೇಕು. ಕೊನೆಗೆ ಮಂತ್ರಿಗಳಿಗೂ ಹೊಳೆಯದ ಉಪಾಯ ಹೊಳೆಯಿತು. ಚಿಪ್ಪನ್ನು ತಿರುಗಿ ಬಂದ್ ಮಾಡಿಡುವುದು. ನಾಳೆ ಗಾಳೇಶನೇ ಹುಡುಕಿ ಕೊಡಲಿ, ತಾನು ಹುಬ್ಬೇರಿಸಿ ಹೌದೇನಪಾ ಎಂದರಾಯಿತು. ಹಾಗೇ ಮಾಡಿ ನೆಮ್ಮದಿಯಾಗಿ ಉಂಡ.

ಮರುದಿನ ಗಾಳೇಶ ಬಂದ. ಕೊಟ್ಟ ನೀರು ಮುಟ್ಟಲಿಲ್ಲ, ಲ್ಯಾಪ್‌ಟಾಪಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಚೀಲದಿಂದ ತನ್ನ ಹೊಸ ಲ್ಯಾಪ್‌ಟಾಪ್ ತೆಗೆದು ಪಂಪಾಪತಿಯ ಮುಂದಿಟ್ಟ.

"ಮಾವಾರ, ಇದು ನಂದು. ಚಿಪ್ ಐತಿ, ನೋಡಿ ತಗೋರಿ. ಅಕ್ಕನ್ನ ಮಾತ್ರ ನೋಯಿಸಬ್ಯಾಡ್ರಿ."

ಬಾಗಿಲಲ್ಲಿ ದುರ್ಗಾದೇವಿಯ ಬ್ಯಾಗು ಸಿದ್ಧವಾಗಿತ್ತು. ಪಂಪಾಪತಿಗೆ ನಿಜವಾಗಿಯೂ ನಾಚಿಕೆಯಾಯಿತು, ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಅದು ಬಿಡದ್ದರಿಂದ ತಾನೇ ಬಿಟ್ಟ.

"ಚಿಪ್ ಅದರಾಗ ಐತಪಾ. ನಾನ ಬಂದ್ ಮಾಡಿದ್ದೆ."

"ಯಾವಾಗ ಗೊತ್ತಾತ್ರಿ?" ಎಂದಳು ದುರ್ಗಾದೇವಿ.

"ನಿನ್ನೆ ಸಂಜಿಕ."

"ಮತ್ತ ಈಗರ ಚಾಲೂ ಐತೇನು?"

"ಇಲ್ಲ. ಇನ್ನೊಮ್ಮಿ ಬಂದ್ ಮಾಡೀನಿ."

ಗಾಳೇಶ ಮೊದಲು ಅಕ್ಕನ ಮುಖ ನೋಡಿದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ನಕ್ಕು ಗಂಟಲೊಣಗಿ ನೀರು ಕುಡಿದ. ದುರ್ಗಾದೇವಿ ನಗಲಿಲ್ಲ, ಆದರೆ ಬ್ಯಾಗು ಎತ್ತಿಕೊಂಡು ಒಳಗೆ ನಡೆದಳು. ಪಂಪಾಪತಿ ಉಸಿರು ಬಿಡುವಷ್ಟರಲ್ಲಿ ಒಳಗಿನಿಂದ ಆಜ್ಞೆ ಬಂತು:

"ಇನ್ನ ಮುಂದ ಈ ಮನ್ಯಾಗ ಏನರ ಕಾಣಲಿಲ್ಲಂದ್ರ, ಮೊದ್ಲ ನಿಮ್ಮ ಕಿಸೆ ಝಾಡಿಸಿ ತೋರಿಸ್ರಿ. ಆಮ್ಯಾಲ ನನ್ನ ತವರಮನಿ ಹೆಸರ ತಗೀರಿ."